ಕರ್ಮಣಿಯಿಂದ ಕರ್ತರಿಗೆ: ಸರ್ಕಾರಿ ಕಚೇರಿಯಿಂದ ವಿದ್ಯಾಪೀಠಕ್ಕೆ ಬಂದವರ ಬರವಣಿಗೆ

1

ಹೊಸಪೇಟೆಯಿಂದ ಕಮಲಾಪುರದ ಕಡೆಗೆ ಹೋಗುವ ಮಾರ್ಗದಲ್ಲಿ ಮಲಪನಗುಡಿ ಎಂಬ ಗ್ರಾಮವಿದೆ. ಹಂಪೆಯನ್ನು ನೋಡಲು ಬರುವವರಲ್ಲಿ ಬಹುಮಂದಿ ಅಲ್ಲಿ ಇಳಿಯುವುದಿಲ್ಲ. ವಿಜಯನಗರ ಕಾಲದ ದೇವಾಲಯವೂ ಕಲ್ಲಿನ ಹಳೆಯ ಬಾವಿಯೂ ಉಳಿದಿರುವ ಆ ಊರಿಗೆ ಅನತಿದೂರದಲ್ಲಿ, 1991ರಲ್ಲಿ ಸ್ಥಾಪಿತವಾದ ಕನ್ನಡ ವಿಶ್ವವಿದ್ಯಾಲಯದ ಆವರಣವಿದೆ. ಆವರಣದ ಹೆಸರು ವಿದ್ಯಾರಣ್ಯ. ಈ ಹೆಸರನ್ನು ಕೇಳಿದೊಡನೆ ನಮ್ಮ ಜನ ಒಂದು ಕಥೆಯನ್ನು ನೆನೆಯುತ್ತಾರೆ. ಬುಕ್ಕರಾಯನ ಮಂತ್ರಿಯಾಗಿದ್ದ ಮಾಧವನು ರಾಜ್ಯಭಾರವನ್ನು ತೊರೆದು ಸಂನ್ಯಾಸವನ್ನು ಸ್ವೀಕರಿಸಿದನು. ವಿದ್ಯಾರಣ್ಯನೆಂಬ ಹೆಸರಿನಿಂದ ಶೃಂಗೇರಿಯ ಪೀಠವನ್ನೇರಿದನು ಎಂಬುದು ಆ ಕಥೆ. ಶಾಸನಗಳನ್ನು ಬಲ್ಲವರು ಇದನ್ನು ಹಾಗೆಯೇ ಒಪ್ಪುವುದಿಲ್ಲ. ಆಂಗೀರಸ ಗೋತ್ರದ ಮಾಧವಮಂತ್ರಿ ಬೇರೆ, ಭಾರದ್ವಾಜ ಗೋತ್ರದ ಮಾಧವಾಚಾರ್ಯ ಬೇರೆ ಎಂದು ಅವರು ತೋರಿಸಿಕೊಟ್ಟಿದ್ದಾರೆ. ಮಾಧವಾಚಾರ್ಯನೇ ವಿದ್ಯಾರಣ್ಯನಾದನೆಂಬ ವಿಷಯದಲ್ಲಿಯೂ ವಾದವುಂಟು. ಆ ವಾದವನ್ನು ಇಲ್ಲಿ ಎತ್ತಿಕೊಳ್ಳುವ ಉದ್ದೇಶ ನಮಗಿಲ್ಲ. ಆದರೆ ಜನಮನವು ಈ ಕಥೆಯನ್ನು ಇಷ್ಟು ಕಾಲ ಕಾಪಾಡಿಕೊಂಡು ಬಂದುದಕ್ಕೆ ಒಂದು ಕಾರಣವಿರಲೇಬೇಕು. ಅರಮನೆಯ ಮುದ್ರೆಯನ್ನು ಹಿಡಿದ ಕೈಯೇ ಓಲೆ ಕಂಠಗಳನ್ನೂ ಹಿಡಿಯಬಹುದು, ಆದರೆ ಹಿಡಿಯುವ ಮೊದಲು ಅದು ಏನನ್ನೋ ಬಿಡಬೇಕಾಗುತ್ತದೆ ಎಂಬ ಅರಿವು ಆ ಕಥೆಯಲ್ಲಿ ಅಡಗಿದೆ.

ಬಿಡಬೇಕಾದುದು ಯಾವುದು, ಬಿಡಬಾರದುದು ಯಾವುದು? ಸರ್ಕಾರದ ಸೇವೆಯಿಂದ ವಿಶ್ವವಿದ್ಯಾಲಯದ ಆಡಳಿತಕ್ಕೆ ಬರುವವರನ್ನು ಕುರಿತು ಕೇಳಬೇಕಾದ ಪ್ರಶ್ನೆ ಇದೊಂದೇ ಎಂದು ನಾವು ಭಾವಿಸುತ್ತೇವೆ. ಆಡಳಿತಶಾಸ್ತ್ರವು ನಮ್ಮ ವಿಷಯವಲ್ಲ. ನಾವು ಭಾಷೆ ಸಾಹಿತ್ಯಗಳ ಅಭ್ಯಾಸಿಗಳು. ಆದುದರಿಂದ ಈ ಪ್ರಶ್ನೆಯನ್ನು ಅಂಥವರ ಬರವಣಿಗೆಯ ಮೂಲಕ, ಅವರು ಬಳಸಿದ ಪದ ವಾಕ್ಯಗಳ ಮೂಲಕ ಪರೀಕ್ಷಿಸಲು ಯತ್ನಿಸುತ್ತೇವೆ. ಮನುಷ್ಯನು ಕಚೇರಿಯನ್ನು ಬಿಟ್ಟರೂ ಕಚೇರಿಯ ವಾಕ್ಯವು ಅವನನ್ನು ಬೇಗ ಬಿಡುವುದಿಲ್ಲ. ಆ ವಾಕ್ಯವು ಎಲ್ಲಿ ಬದಲಾಯಿತೆಂಬುದನ್ನು ನೋಡಿದರೆ ಮನುಷ್ಯನು ಎಲ್ಲಿ ಬದಲಾದನೆಂಬುದು ತಿಳಿದೀತು.

2

ಮೊದಲು ಪದವನ್ನು ನೋಡೋಣ. ವಿಶ್ವವಿದ್ಯಾಲಯದ ಆಡಳಿತದಲ್ಲಿ ಸರ್ಕಾರದಿಂದ ಬಂದವರು ಸಾಮಾನ್ಯವಾಗಿ ಕುಳಿತುಕೊಳ್ಳುವ ಸ್ಥಾನ ರಿಜಿಸ್ಟ್ರಾರರದು. ಇಂಗ್ಲಿಷಿನಲ್ಲಿ ಈ ಪದದ ಅರ್ಥ ಬಹು ಸಾಮಾನ್ಯವಾದುದು: ದಾಖಲೆಯ ಪುಸ್ತಕವನ್ನು ಇಟ್ಟುಕೊಳ್ಳುವವನು. ಕನ್ನಡದಲ್ಲಿ ನಾವು ಅವರನ್ನು ಕುಲಸಚಿವರೆಂದು ಕರೆಯುತ್ತೇವೆ. ಲೆಕ್ಕದ ಪುಸ್ತಕವನ್ನು ಕಾಯುವವನು ಅನುವಾದದಲ್ಲಿ ಮಂತ್ರಿಯಾಗಿ ಬಡ್ತಿ ಪಡೆದನು! ಈ ಬಡ್ತಿಯಿಂದ ಅನರ್ಥವೇ ಆಯಿತೆಂದು ಹೇಳುವವರುಂಟು. ನಾವು ಹಾಗೆ ಹೇಳಲಾರೆವು.

ಸಚಿವ ಎಂಬ ಪದಕ್ಕೆ ಅಮರಕೋಶವು ಎರಡು ಅರ್ಥಗಳನ್ನು ಕೊಡುತ್ತದೆ. ಮಂತ್ರಿ ಎಂಬುದು ಒಂದು. ಸಹಾಯಕ, ಎಂದರೆ ಜೊತೆಗಾರ, ಎಂಬುದು ಇನ್ನೊಂದು. ಧಾತುವಿನ ದೃಷ್ಟಿಯಿಂದ ಎರಡನೆಯದೇ ಮೂಲಕ್ಕೆ ಹತ್ತಿರವಾದುದು. ಜೊತೆಯಲ್ಲಿ ಹೋಗುವವನೇ ಸಚಿವನು. ಅದೇ ಕೋಶವು ಅರಸನ ಸಚಿವರಲ್ಲಿ ಧೀಸಚಿವರೆಂದೂ ಕರ್ಮಸಚಿವರೆಂದೂ ಎರಡು ಬಗೆಯನ್ನು ಹೇಳುತ್ತದೆ. ಆಲೋಚನೆಯಲ್ಲಿ ನೆರವಾಗುವವನು ಧೀಸಚಿವ; ಕಾರ್ಯವನ್ನು ನಡೆಸುವವನು ಕರ್ಮಸಚಿವ. ಇನ್ನು ಕುಲಪತಿ ಎಂಬ ಪದ. ಹತ್ತು ಸಾವಿರ ಮುನಿಗಳಿಗೆ ಅನ್ನವನ್ನಿತ್ತು ಪಾಠ ಹೇಳುವವನು ಕುಲಪತಿ ಎಂದು ಸಂಪ್ರದಾಯ ಹೇಳುತ್ತದೆ. ಅನ್ನವೂ ಪಾಠವೂ ಒಂದೇ ವ್ಯಾಖ್ಯೆಯಲ್ಲಿ ಸೇರಿರುವುದನ್ನು ವಾಚಕರು ಗಮನಿಸಬೇಕು. ಹತ್ತು ಸಾವಿರ ಜನಕ್ಕೆ ಅನ್ನವಿಕ್ಕುವುದು ಉಗ್ರಾಣ, ಲೆಕ್ಕ, ಕೆಲಸದಾಳು, ಸಮಯಪಾಲನೆ ಇವಿಲ್ಲದೆ ಆಗುವ ಕೆಲಸವಲ್ಲ. ಆದುದರಿಂದ ವಿದ್ಯಾಕುಲಕ್ಕೆ ಸಚಿವನೊಬ್ಬನು ಬೇಕು. ಆದರೆ ಅವನು ಅರಸನ ಸಚಿವನಲ್ಲ, ಕುಲದ ಸಚಿವನು. ಅರಸನ ಕಡೆಯಿಂದ ಕುಲವನ್ನು ಆಳಲು ಬಂದವನಲ್ಲ, ಕುಲದ ಜೊತೆಯಲ್ಲಿ ನಡೆಯಲು ಬಂದವನು. ಒಂದೇ ಪದದ ಒಂದು ಅರ್ಥದಿಂದ ಇನ್ನೊಂದು ಅರ್ಥಕ್ಕೆ ಸಾಗುವ ದಾರಿಯೇ ನಾವು ಪರೀಕ್ಷಿಸಬೇಕಾದ ದಾರಿ.

ಕನ್ನಡ ವಿಶ್ವವಿದ್ಯಾಲಯವು ತನ್ನ ವಿಭಾಗಗಳಿಗೆ ಆಡಳಿತಾಂಗ, ಅಧ್ಯಯನಾಂಗ, ಪ್ರಸಾರಾಂಗ ಎಂಬ ಹೆಸರುಗಳನ್ನು ಇಟ್ಟುಕೊಂಡಿದೆ. ಹೆಸರಿಟ್ಟವರ ವಿವೇಕವನ್ನು ಮೆಚ್ಚಬೇಕು. ಮೂರೂ ಅಂಗಗಳೇ, ಆಡಳಿತವು ಶಿರಸ್ಸೆಂದಾಗಲಿ ಅಧ್ಯಯನವು ಪಾದವೆಂದಾಗಲಿ ಅಲ್ಲಿ ಹೇಳಿಲ್ಲ. ಹೆಸರಿನಲ್ಲಿರುವ ಈ ಸಮತೆ ನಡತೆಯಲ್ಲಿಯೂ ಇರಬೇಕಾದರೆ ಏನು ಬೇಕೆಂಬುದು ಮುಂದಿನ ಮಾತು.

3

ವಿಜಯನಗರದ ನೆಲಕ್ಕೆ ಈ ಪ್ರಶ್ನೆ ಹೊಸತಲ್ಲ. ವಿದ್ಯಾರಣ್ಯರ ಕಥೆಯನ್ನು ಬದಿಗಿಟ್ಟರೂ, ಚರಿತ್ರೆಯ ಬೆಳಕಿನಲ್ಲಿ ಸ್ಪಷ್ಟವಾಗಿ ನಿಲ್ಲುವ ಇನ್ನೊಬ್ಬ ವ್ಯಕ್ತಿ ಸಾಯಣಾಚಾರ್ಯ. ಅವನು ಮೊದಲು ಬುಕ್ಕನ ಸೋದರನಾದ ಕಂಪಣನಲ್ಲಿಯೂ, ಕಂಪಣನ ತರುವಾಯ ಬಾಲಕನಾಗಿದ್ದ ಎರಡನೆಯ ಸಂಗಮನಲ್ಲಿಯೂ, ಬಳಿಕ ಬುಕ್ಕ ಮತ್ತು ಎರಡನೆಯ ಹರಿಹರರಲ್ಲಿಯೂ ಮಂತ್ರಿಯಾಗಿದ್ದನು. ವೇದಗಳಿಗೆ ಭಾಷ್ಯವಾಗಬೇಕೆಂದು ಬುಕ್ಕನು ಮಾಧವಾಚಾರ್ಯನನ್ನು ಕೇಳಿದನು. ಮಾಧವನು ತನ್ನ ತಮ್ಮನಾದ ಸಾಯಣನನ್ನು ಆ ಕಾರ್ಯಕ್ಕೆ ಸೂಚಿಸಿದನು. ಹೀಗೆ ರಾಜಾಜ್ಞೆಯಿಂದಲೇ ಹುಟ್ಟಿದ ವಿದ್ಯಾಕಾರ್ಯವದು.

ಸಂಹಿತೆ ಬ್ರಾಹ್ಮಣಗಳನ್ನು ಒಳಗೊಂಡ ಆ ಭಾಷ್ಯರಾಶಿ ಒಬ್ಬನ ಶ್ರಮದಿಂದ, ಅದರಲ್ಲಿಯೂ ರಾಜ್ಯದ ಹೊಣೆ ಹೊತ್ತವನೊಬ್ಬನ ಬಿಡುವಿನಿಂದ, ಆದುದಲ್ಲವೆಂದು ಬಹು ವಿದ್ವಾಂಸರ ಮತ. ಅದು ಪಂಡಿತಮಂಡಲಿಯ ಕೆಲಸ. ಸಾಯಣನು ಅದರ ಯೋಜಕನೂ ಮೇಲ್ವಿಚಾರಕನೂ ಆಗಿದ್ದನು. ಇಂದಿನ ಮಾತಿನಲ್ಲಿ ಹೇಳುವುದಾದರೆ, ಆಡಳಿತದ ಅನುಭವವನ್ನು ಸಂಶೋಧನೆಯ ಯೋಜನೆಯೊಂದಕ್ಕೆ ತಂದವನು ಅವನು. ಅವನು ಪಂಡಿತರ ಹೆಸರನ್ನು ನುಂಗಿದನೆ? 1386ರ ತಾಮ್ರಶಾಸನವೊಂದು ಇದಕ್ಕೆ ಉತ್ತರ ಕೊಡುತ್ತದೆ. ಎರಡನೆಯ ಹರಿಹರನು ವಿದ್ಯಾರಣ್ಯ ಶ್ರೀಪಾದರ ಸನ್ನಿಧಿಯಲ್ಲಿ ನಾರಾಯಣ ವಾಜಪೇಯಯಾಜಿ, ನರಹರಿ ಸೋಮಯಾಜಿ, ಪಂಢರಿ ದೀಕ್ಷಿತ ಎಂಬ ಮೂವರಿಗೆ, ವೇದಭಾಷ್ಯಗಳ ಪ್ರವರ್ತಕರೆಂಬ ಕಾರಣದಿಂದ, ದತ್ತಿಯನ್ನು ಕೊಟ್ಟುದನ್ನು ಅದು ಹೇಳುತ್ತದೆ. ಭಾಷ್ಯಕ್ಕಾದರೋ ಅಣ್ಣನ ಹೆಸರಿನಿಂದ ಮಾಧವೀಯವೆಂಬ ಹೆಸರಾಯಿತು. ಯೋಜಿಸಿದವನು ತನ್ನ ಹೆಸರನ್ನು ಹಿಂದಿಟ್ಟನು. ದುಡಿದವರ ಹೆಸರು ತಾಮ್ರದಲ್ಲಿ ಉಳಿಯಿತು. ಆಡಳಿತಗಾರನು ವಿದ್ಯೆಗೆ ಸಲ್ಲಿಸಬಹುದಾದ ಸೇವೆಯ ಮೊದಲನೆಯ ಲಕ್ಷಣ ಇಲ್ಲಿ ನಮಗೆ ದೊರೆಯುತ್ತದೆ: ಕರ್ತೃವನ್ನು ಹೆಸರಿಸುವುದು.

4

ಕಚೇರಿಯ ಗದ್ಯವು ಮಾಡದಿರುವುದು ಇದನ್ನೇ. ಯಾವುದೇ ಆದೇಶಪತ್ರವನ್ನು ಓದಿ ನೋಡಿರಿ. ‘ಪ್ರಸ್ತಾವನೆಯನ್ನು ಪರಿಶೀಲಿಸಲಾಗಿದೆ’, ‘ನಿರ್ಧರಿಸಲಾಗಿದೆ’, ‘ಈ ಮೂಲಕ ಆದೇಶಿಸಲಾಗಿದೆ’. ಯಾರು ಪರಿಶೀಲಿಸಿದರು? ಯಾರು ನಿರ್ಧರಿಸಿದರು? ವಾಕ್ಯದಲ್ಲಿ ಕರ್ತೃವೇ ಇಲ್ಲ. ಕನ್ನಡದ ಆಡುಮಾತಿನಲ್ಲಿ ಕರ್ಮಣಿ ಪ್ರಯೋಗ ವಿರಳವೆಂದು ನಮ್ಮ ವ್ಯಾಕರಣವನ್ನು ಬಲ್ಲವರೆಲ್ಲ ಹೇಳುತ್ತಾರೆ. ‘ನನ್ನಿಂದ ಅನ್ನ ಉಣ್ಣಲ್ಪಟ್ಟಿತು’ ಎಂದು ಯಾವ ಮನೆಯಲ್ಲಿಯೂ ಯಾರೂ ಹೇಳುವುದಿಲ್ಲ. ಆದರೂ 1963ರ ರಾಜಭಾಷಾ ಅಧಿನಿಯಮದ ತರುವಾಯ ಕಚೇರಿಗಳಿಗೆ ಕನ್ನಡವು ಪ್ರವೇಶಿಸಿದಂತೆಲ್ಲ, ಕರ್ತೃವಿಲ್ಲದ ಈ ವಾಕ್ಯವೇ ಅಧಿಕಾರದ ಸಹಜವಾಣಿಯಾಗಿ ನೆಲೆಯೂರಿತು.

ಇದನ್ನು ಪರಿಹಾಸ ಮಾಡುವುದು ಸುಲಭ, ನ್ಯಾಯವಲ್ಲ. ಸರ್ಕಾರದಲ್ಲಿ ಕರ್ತೃಲೋಪಕ್ಕೆ ಒಂದು ಧರ್ಮವುಂಟು. ತಹಸೀಲ್ದಾರರ ಆದೇಶವು ಆ ಸ್ಥಾನದ ಆದೇಶವೇ ಹೊರತು ಆ ವ್ಯಕ್ತಿಯದಲ್ಲ. ಅವರಿಗೆ ವರ್ಗವಾದ ಮರುದಿನವೂ ರೈತನ ಖಾತೆ ಉಳಿಯಬೇಕು. ಅಧಿಕಾರಿಯ ರಾಗದ್ವೇಷಗಳು ಆದೇಶದೊಳಗೆ ನುಸುಳಬಾರದೆಂದೇ ಅವನ ಹೆಸರನ್ನು ವಾಕ್ಯದಿಂದ ಹೊರಗಿಟ್ಟರು. ಪೂರ್ವನಿದರ್ಶನವನ್ನು ಕೇಳುವುದೂ ಇದೇ ಕಾರಣದಿಂದ: ನಿನ್ನೆ ಒಬ್ಬನಿಗೆ ಕೊಟ್ಟುದನ್ನು ಇಂದು ಇನ್ನೊಬ್ಬನಿಗೆ ಇಲ್ಲವೆನ್ನಬಾರದು. ಕಡತವನ್ನು ಮುಕ್ತಾಯಗೊಳಿಸುವ ಆತುರಕ್ಕೂ ಅರ್ಥವಿದೆ. ಅರ್ಜಿದಾರನು ಬಾಗಿಲಲ್ಲಿ ಕಾದಿದ್ದಾನೆ.

ಆದರೆ ಈ ಮೂರು ಗುಣಗಳೂ ವಿದ್ಯೆಯ ಆವರಣದೊಳಕ್ಕೆ ಬಂದಾಗ ದೋಷಗಳಾಗಿ ತಿರುಗಬಲ್ಲುವು. ಸಂಶೋಧನೆಯಲ್ಲಿ ಪ್ರತಿಯೊಂದು ಮಾತಿಗೂ ಒಬ್ಬ ಹೊಣೆಗಾರನಿರಬೇಕು. ‘ಹೀಗೆಂದು ತಿಳಿಯಲಾಗಿದೆ’ ಎಂಬ ವಾಕ್ಯವನ್ನು ನಾವು ನಮ್ಮ ವಿದ್ಯಾರ್ಥಿಗಳ ಪ್ರಬಂಧದಲ್ಲಿ ಹೊಡೆದುಹಾಕುತ್ತೇವೆ. ಪೂರ್ವನಿದರ್ಶನವಿಲ್ಲದಿರುವುದೇ ಸಂಶೋಧನೆಯ ಸಾರ್ಥಕ್ಯ. ಹಿಂದೆ ಯಾರೂ ಮಾಡಿಲ್ಲವೆಂಬುದು ಕಚೇರಿಯಲ್ಲಿ ತಿರಸ್ಕಾರಕ್ಕೆ ಕಾರಣ, ವಿದ್ಯಾಪೀಠದಲ್ಲಿ ಪುರಸ್ಕಾರಕ್ಕೆ ಕಾರಣ. ಇನ್ನು ಮುಕ್ತಾಯದ ಮಾತು: ವಿದ್ವಾಂಸನ ಕಡತ ಎಂದಿಗೂ ಮುಗಿಯುವುದಿಲ್ಲ, ಮುಗಿದರೆ ಶಾಸ್ತ್ರವೇ ಮುಗಿದಂತೆ.

ನಮ್ಮ ಅನುಭವದ ಒಂದು ಸಣ್ಣ ಸಂಗತಿಯನ್ನು ಹೇಳುವುದು ಅಪ್ರಸ್ತುತವಾಗದು. ಹಿಂದೊಮ್ಮೆ ನಮ್ಮ ವಿದ್ಯಾರ್ಥಿಯೊಬ್ಬನು ಗ್ರಾಮಗಳಲ್ಲಿ ಓಲೆಗರಿಗಳನ್ನು ಹುಡುಕಲು ಪ್ರಯಾಣವೆಚ್ಚವನ್ನು ಕೇಳಿದನು. ಯಾವ ಗ್ರಾಮದ ಯಾವ ಮನೆಯಲ್ಲಿ ಎಷ್ಟು ಪ್ರತಿಗಳಿವೆಯೆಂಬ ಪಟ್ಟಿಯನ್ನು ಲಗತ್ತಿಸಬೇಕೆಂಬ ಟಿಪ್ಪಣಿಯೊಡನೆ ಅವನ ಅರ್ಜಿ ಹಿಂದಿರುಗಿತು. ಪಟ್ಟಿ ಇದ್ದಿದ್ದರೆ ಅವನೇಕೆ ಹುಡುಕಲು ಹೋಗಬೇಕಾಗಿತ್ತು? ಟಿಪ್ಪಣಿ ಬರೆದವರು ದುಷ್ಟರಲ್ಲ. ಇಪ್ಪತ್ತು ವರ್ಷ ಸರ್ಕಾರದ ಹಣವನ್ನು ಒಂದು ಕಾಸೂ ಪೋಲಾಗದಂತೆ ಕಾದವರು. ಅವರು ಕಲಿತ ವಾಕ್ಯವು ಅರಿಯದ ವಸ್ತುವನ್ನು ಕುರಿತು ಮಾತಾಡಲಾರದು, ತೊಡಕಿದ್ದುದು ಅಷ್ಟೇ. ವಿದ್ಯಾರ್ಥಿಯು ತನ್ನ ಖರ್ಚಿನಿಂದಲೇ ಹೊರಡುವಷ್ಟರಲ್ಲಿ ಮಳೆಗಾಲ ಬಂದಿತು. ಒಂದು ಮನೆಯ ಅಟ್ಟ ಅಷ್ಟರಲ್ಲಿ ಸೋರಿ, ಅಲ್ಲಿದ್ದ ಕಟ್ಟುಗಳಲ್ಲಿ ಕೆಲವು ಓದಲು ಬಾರದಂತಾಗಿದ್ದುವು.

ಕಚೇರಿಯ ಬರಹವು ವಿದ್ಯೆಗೆ ಶತ್ರುವೆಂದು ಇದರಿಂದ ತೀರ್ಮಾನಿಸಬಾರದು. ಬಳ್ಳಾರಿ ಸೀಮೆಯನ್ನೂ ಒಳಗೊಂಡ ದತ್ತಮಂಡಲವು 1800ರಲ್ಲಿ ಕಂಪನಿ ಸರ್ಕಾರದ ಕೈಸೇರಿತು. ಆ ಕಾಲದಲ್ಲಿ ಸರ್ವೆಯ ಅಧಿಕಾರಿಯಾಗಿದ್ದ ಕಾಲಿನ್ ಮೆಕೆಂಜಿ ತನ್ನ ಸಹಾಯಕರ ಮೂಲಕ ಊರೂರಿನ ಕೈಫಿಯತ್ತುಗಳನ್ನು ಸಂಗ್ರಹಿಸಿದನು. ಊರು ಹುಟ್ಟಿದ ಬಗೆ, ಆಳಿದವರು, ಗುಡಿ, ಕೆರೆ, ಮಾನ್ಯ ಇವುಗಳ ವಿವರವನ್ನು ಊರ ಲೆಕ್ಕಿಗರೂ ಹಿರಿಯರೂ ಹೇಳಿ ಬರೆಯಿಸಿದರು. ಅವು ಸಾಹಿತ್ಯವಾಗಲೆಂದು ಬರೆದವಲ್ಲ. ಆದರೆ 1994ರಲ್ಲಿ ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಕನ್ನಡ ವಿಶ್ವವಿದ್ಯಾಲಯವು ‘ಕರ್ನಾಟಕದ ಕೈಫಿಯತ್ತುಗಳು’ ಎಂಬ ಸಂಪುಟವನ್ನು ಹೊರತಂದಾಗ, ಕಚೇರಿಗಾಗಿ ಬರೆದ ಆ ಕಾಗದಗಳೇ ಸಂಶೋಧನೆಯ ಆಕರಗಳಾದುವು. ಅವುಗಳಲ್ಲಿ ಇಂಥ ಊರಿನವರು ಹೀಗೆ ಹೇಳಿದರೆಂಬ ನೆಲೆಯಿದೆ. ಹೇಳಿಕೆಯ ಹಿಂದೆ ಹೇಳಿದವನು ನಿಂತಿದ್ದಾನೆ. ಬರೆದವನಿಗೆ ಸತ್ಯವಾಗಿ ತೋರದ ಕಥೆಯನ್ನೂ ಅವನು ಬಿಡದೆ ಬರೆದುಕೊಂಡನು. ದಾಖಲೆಯ ಶ್ರದ್ಧೆಯು ಕರ್ತೃವನ್ನು ಅಳಿಸದಿದ್ದಾಗ ಕಚೇರಿಯ ಬರಹವೂ ವಿದ್ಯೆಗೆ ಒದಗುತ್ತದೆ.

5

ಈ ದೃಷ್ಟಿಯಿಂದ, ಸರ್ಕಾರದಿಂದ ವಿಶ್ವವಿದ್ಯಾಲಯಕ್ಕೆ ಬಂದ ಕನ್ನಡಿಗರಲ್ಲಿ ಮೊದಲಿಗರೂ ಮುಖ್ಯರೂ ಆದ ಎಚ್. ವಿ. ನಂಜುಂಡಯ್ಯನವರನ್ನು (1860–1920) ನೋಡಬೇಕು. ಅವರು ಮೈಸೂರು ಸಂಸ್ಥಾನದ ನ್ಯಾಯಾಂಗದಲ್ಲಿಯೂ ಕಾರ್ಯಾಂಗದಲ್ಲಿಯೂ ಸೇವೆ ಸಲ್ಲಿಸಿ, ಉಚ್ಚ ನ್ಯಾಯಸ್ಥಾನದ ನ್ಯಾಯಾಧೀಶರಾಗಿ, ಆಡಳಿತ ಮಂಡಲಿಯ ಸದಸ್ಯರಾಗಿ ಮೇಲೇರಿದವರು. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರಾದರು. 1916ರ ಜುಲೈ ತಿಂಗಳಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮೈಸೂರು ವಿಶ್ವವಿದ್ಯಾಲಯವು ಸ್ಥಾಪಿತವಾಯಿತು. ಅದರ ಮೊದಲ ಉಪಕುಲಪತಿಗಳು ನಂಜುಂಡಯ್ಯನವರೇ. ನ್ಯಾಯಾಧೀಶರೂ ಆಡಳಿತಗಾರರೂ ವಿಶ್ವವಿದ್ಯಾಲಯದ ನೊಗ ಹೊರುವುದು ಅಂದಿಗೆ ಅಪೂರ್ವವಾಗಿರಲಿಲ್ಲ. 1857ರಲ್ಲಿ ಹುಟ್ಟಿದ ಕಲ್ಕತ್ತ ವಿಶ್ವವಿದ್ಯಾಲಯದ ಮೊದಲ ಉಪಕುಲಪತಿ ಜೇಮ್ಸ್ ಕೋಲ್ವಿಲ್ ನ್ಯಾಯಾಧೀಶರಾಗಿದ್ದರು. ಅದನ್ನು ಬೋಧನೆ ಸಂಶೋಧನೆಗಳ ಕ್ಷೇತ್ರವಾಗಿ ಮಾರ್ಪಡಿಸಿದ ಆಶುತೋಷ ಮುಖರ್ಜಿಯವರೂ ಹೈಕೋರ್ಟಿನ ನ್ಯಾಯಾಧೀಶರೇ.

ನಂಜುಂಡಯ್ಯನವರ ಕನ್ನಡ ಪುಸ್ತಕಗಳ ಹೆಸರುಗಳನ್ನೇ ನೋಡಿದರೂ ಒಂದು ಒಲವು ಕಾಣುತ್ತದೆ: ‘ಲೇಖ್ಯಬೋಧಿನಿ’, ‘ವ್ಯವಹಾರದೀಪಿಕೆ’, ‘ಅರ್ಥಶಾಸ್ತ್ರ’. ಒಂದು ದಸ್ತಾವೇಜಿನ ಲೋಕಕ್ಕೆ, ಒಂದು ನ್ಯಾಯದ ವ್ಯವಹಾರಕ್ಕೆ, ಒಂದು ರಾಜ್ಯದ ಆರ್ಥಿಕ ವಿಚಾರಕ್ಕೆ ಸೇರಿದುದು. ಕಚೇರಿಯ ಒಳಗಿನವರಿಗೆ ಮಾತ್ರ ತಿಳಿದಿದ್ದುದನ್ನು ಹೊರಗಿನವರಿಗೂ ತಿಳಿಯಪಡಿಸಬೇಕೆಂಬ ಹಂಬಲ ಬೋಧಿನಿ, ದೀಪಿಕೆ ಎಂಬ ಮಾತುಗಳಲ್ಲಿದೆ. ಅಧಿಕಾರದ ಜ್ಞಾನವನ್ನು ಪಾಠವಾಗಿ ಮಾಡಿದ ದಿನವೇ ಅವರು ಮನಸ್ಸಿನಲ್ಲಿ ವಿದ್ಯಾಪೀಠದ ಕಡೆಗೆ ಹೊರಟಿದ್ದರೆಂದು ನಮಗೆ ತೋರುತ್ತದೆ.

ಆದರೆ ಅವರನ್ನು ಅಳೆಯಲು ತಕ್ಕ ಮುಖ್ಯ ಬರವಣಿಗೆ ಬೇರೆಯದು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಮೈಸೂರು ಸಂಸ್ಥಾನದ ಜನಾಂಗ ಜಾತಿಗಳ ಸಮೀಕ್ಷೆಯ ಹೊಣೆ ಅವರ ಮೇಲೆ ಬಿದ್ದಿತು. ಇದು ಪೂರ್ತಿಯಾಗಿ ಸರ್ಕಾರದ ಕಾರ್ಯ. ಪ್ರಶ್ನೆಗಳ ಪಟ್ಟಿಯೂ ವಿಂಗಡಣೆಯ ಕ್ರಮವೂ ಭಾರತ ಸರ್ಕಾರದ ದೊಡ್ಡ ಯೋಜನೆಯಿಂದ ಇಳಿದುಬಂದವು. ಒಂದೊಂದು ಜಾತಿಯನ್ನು ಕುರಿತು ಒಂದೊಂದು ಚಿಕ್ಕ ಪುಸ್ತಕ ಸರ್ಕಾರಿ ಮುದ್ರಣಾಲಯದಿಂದ ಹೊರಬಂದಿತು. ಹಾಗೆ ಹೊರಬಂದಾಗ ಅವುಗಳ ಮೇಲೆ ಇದು ಪ್ರಾಥಮಿಕ ಮುದ್ರಣವೆಂಬ ಮಾತೂ, ಟೀಕೆಗಳನ್ನೂ ಹೆಚ್ಚಿನ ವಿವರಗಳನ್ನೂ ಮಲ್ಲೇಶ್ವರದಲ್ಲಿದ್ದ ನಂಜುಂಡಯ್ಯನವರ ವಿಳಾಸಕ್ಕೆ ಕಳುಹಿಸಬೇಕೆಂಬ ಕೋರಿಕೆಯೂ ಅಚ್ಚಾಗಿದ್ದುವು.

ಈ ಒಂದು ಸಾಲಿನ ಮಹತ್ವವನ್ನು ವಾಚಕರು ಲಘುವಾಗಿ ಎಣಿಸಬಾರದು. ಸರ್ಕಾರದ ಆದೇಶವು ಪ್ರತಿವಾದವನ್ನು ಕೇಳುವುದಿಲ್ಲ. ಹೆಚ್ಚೆಂದರೆ ಮೇಲ್ಮನವಿಯನ್ನು ಸಹಿಸುತ್ತದೆ. ಇಲ್ಲಿಯಾದರೋ ಸರ್ಕಾರದ ಮುದ್ರೆಯಿರುವ ಕಾಗದವೇ ‘ನಾನು ತಪ್ಪಿರಬಹುದು, ತಿದ್ದಿರಿ’ ಎನ್ನುತ್ತಿದೆ. ಅದರ ಮೇಲೆ ಇಲಾಖೆಯ ಹೆಸರಿನೊಡನೆ ಮನುಷ್ಯನೊಬ್ಬನ ಹೆಸರೂ ವಿಳಾಸವೂ ಇದೆ. ಕರ್ಮಣಿಯು ಕರ್ತರಿಯಾದ ಗಳಿಗೆ ಇದು. ವಿಶ್ವವಿದ್ಯಾಲಯದ ಪದವಿ 1916ರಲ್ಲಿ ಬಂದಿತು. ಅದಕ್ಕೆ ಬೇಕಾದ ವಾಕ್ಯವನ್ನು ಅವರು ಅದಕ್ಕಿಂತ ಮೊದಲೇ ಕಲಿತಿದ್ದರು.

ಆ ಗ್ರಂಥದ ಮುಂದಿನ ಗತಿಯೂ ಅರ್ಥವತ್ತಾದುದು. ನಂಜುಂಡಯ್ಯನವರು 1920ರಲ್ಲಿ ತೀರಿಕೊಂಡರು. ಬಿಡಿಬಿಡಿಯಾಗಿದ್ದ ಸಾಮಗ್ರಿಯನ್ನು ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರು ಪರಿಷ್ಕರಿಸಿ ಬೆಳೆಸಿದರು. ಅವರೂ ಕೊಚ್ಚಿ ಸಂಸ್ಥಾನದ ಸರ್ಕಾರಿ ಸೇವೆಯಲ್ಲಿದ್ದುಕೊಂಡು ಅಲ್ಲಿಯ ಜನಾಂಗಗಳನ್ನು ಕುರಿತು ಬರೆದವರು. ಅನಂತರ ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರದ ಅಧ್ಯಾಪಕರಾದವರು. 1928 ಮತ್ತು 1935ರ ನಡುವೆ ನಾಲ್ಕು ಸಂಪುಟಗಳಾಗಿ ಆ ಗ್ರಂಥವನ್ನು ಪ್ರಕಟಿಸಿದುದು ಮೈಸೂರು ವಿಶ್ವವಿದ್ಯಾಲಯ. ಲೇಖಕರು ಮಾತ್ರವಲ್ಲ, ಗ್ರಂಥವೇ ಸರ್ಕಾರದಿಂದ ವಿದ್ಯಾಪೀಠಕ್ಕೆ ಸಾಗಿಬಂದಿತು.

ಗುಣವನ್ನು ಹೇಳಿದ ಮೇಲೆ ಕೊರತೆಯನ್ನೂ ಹೇಳುವುದು ವಿಮರ್ಶಕನ ಧರ್ಮ. ಆ ಸಂಪುಟಗಳಲ್ಲಿ ಆಡಳಿತದ ಕಣ್ಣು ಪೂರ್ತಿಯಾಗಿ ಮುಚ್ಚಿಲ್ಲ. ಜಾತಿಯೊಂದನ್ನು ಹೆಸರು, ಮೂಲ, ಮದುವೆ, ಶವಸಂಸ್ಕಾರ, ಕಸುಬು ಎಂದು ಖಾನೆಗಳಲ್ಲಿ ತುಂಬುವ ಕ್ರಮವು ಜನಗಣತಿಯ ಕ್ರಮವೇ. ಖಾನೆಗೆ ಹೊಂದದ ಬಾಳು ಅಲ್ಲಿ ಕಾಣುವುದಿಲ್ಲ; ಬರಗಾಲದಲ್ಲಿ ಕಸುಬು ಬಿಟ್ಟು ಗುಳೆ ಹೋದವನಿಗೆ ಅಲ್ಲಿ ಖಾನೆಯಿಲ್ಲ. ಮಾಹಿತಿ ಕೊಟ್ಟ ಊರವರ ಮಾತು ಸಂಗ್ರಾಹಕನ ಮಾತಿನಲ್ಲಿ ಕರಗಿಹೋಗಿರುವುದೇ ಹೆಚ್ಚು. ಲೇಖಕರು ತಮ್ಮನ್ನು ಕರ್ತೃಗಳೆಂದು ಒಪ್ಪಿಕೊಂಡರು. ತಮಗೆ ಹೇಳಿದವರಿಗೆ ಅದೇ ಗೌರವವನ್ನು ಪೂರ್ತಿಯಾಗಿ ಸಲ್ಲಿಸಲಿಲ್ಲ. ಇದು ಅಂದಿನ ಶಾಸ್ತ್ರದ ಮಿತಿಯೂ ಹೌದು. ಆದರೆ ಕಚೇರಿಯ ವಾಕ್ಯವು ಎಷ್ಟು ಆಳಕ್ಕೆ ಬೇರು ಬಿಟ್ಟಿರುತ್ತದೆಂಬುದಕ್ಕೆ ನಿದರ್ಶನವೂ ಹೌದು.

6

ನಂಜುಂಡಯ್ಯನವರು ಮೊದಲಿಗರಾದರೆ, ಉತ್ತರ ಕರ್ನಾಟಕದಲ್ಲಿ ಈ ದಾರಿಯನ್ನು ಅತ್ಯಂತ ಯಶಸ್ವಿಯಾಗಿ ನಡೆದವರು ಡಿ. ಸಿ. ಪಾವಟೆಯವರು. ಅವರು ಕೇಂಬ್ರಿಜ್‌ನಲ್ಲಿ ಗಣಿತವನ್ನು ಓದಿ ಮುಂಬಯಿ ಪ್ರಾಂತದ ಶಿಕ್ಷಣ ಸೇವೆಯನ್ನು ಸೇರಿದರು. 1947ರಿಂದ 1954ರವರೆಗೆ ಆ ಪ್ರಾಂತದ ಶಿಕ್ಷಣ ನಿರ್ದೇಶಕರಾಗಿದ್ದರು. 1954ರಿಂದ 1967ರವರೆಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದರು. ಅಲ್ಲಿಯ ಆವರಣ ಇಂದಿಗೂ ಪಾವಟೆನಗರವೆಂದೇ ಪ್ರಸಿದ್ಧವಾಗಿದೆ. 1964ರಲ್ಲಿ ಅವರು ಇಂಗ್ಲಿಷಿನಲ್ಲಿ ಪ್ರಕಟಿಸಿದ ಆತ್ಮಕಥನಕ್ಕೆ ‘ಶಿಕ್ಷಣಾಡಳಿತಗಾರನೊಬ್ಬನ ನೆನಪುಗಳು’ ಎಂಬರ್ಥದ ಹೆಸರಿಟ್ಟರು. ಗಣಿತಜ್ಞನ ನೆನಪುಗಳೆಂದು ಅವರು ಕರೆಯಬಹುದಾಗಿತ್ತು. ಉಪಕುಲಪತಿಯ ನೆನಪುಗಳೆಂದೂ ಕರೆಯಬಹುದಾಗಿತ್ತು. ಆಡಳಿತವನ್ನೇ ತನ್ನ ವೃತ್ತಿಯೆಂದು ಒಪ್ಪಿಕೊಂಡು, ಅದನ್ನು ನೆನಪು ಎಂಬ ಕರ್ತರಿ ಪ್ರಯೋಗದಲ್ಲಿ ಬರೆಯಲು ಹೊರಟುದು ಪ್ರಾಮಾಣಿಕವಾದ ಕಾರ್ಯ. ಕಡತದಲ್ಲಿ ‘ನಿರ್ಧರಿಸಲಾಯಿತು’ ಎಂದಿದ್ದುದನ್ನು ಆತ್ಮಕಥೆಯಲ್ಲಿ ‘ನಾನು ನಿರ್ಧರಿಸಿದೆ’ ಎಂದು ಬರೆದಾಗ ಓದುಗನಿಗೆ ಪ್ರಶ್ನಿಸುವ ಹಕ್ಕು ಹುಟ್ಟುತ್ತದೆ. ಆಡಳಿತಗಾರರ ಆತ್ಮಕಥೆಗಳಿಗೆ ನಮ್ಮ ಸಾಹಿತ್ಯದಲ್ಲಿ ಇರಬೇಕಾದ ಬೆಲೆ ಇದೇ.

ಪಾವಟೆಯವರ ವಿಷಯದಲ್ಲಿ ಇನ್ನೊಂದು ಮಾತುಂಟು. ಅವರು ವಿದ್ಯಾಪೀಠಕ್ಕೆ ಬಂದವರಲ್ಲ, ಮರಳಿದವರು. ವಿದ್ಯೆಯಿಂದ ಸರ್ಕಾರಕ್ಕೆ ಹೋಗಿ, ಸರ್ಕಾರದಿಂದ ವಿದ್ಯೆಗೆ ಹಿಂದಿರುಗಿದವರು. ಹದಿಮೂರು ವರ್ಷ ಒಂದೇ ಕಡೆ ನೆಲೆ ನಿಂತವರು. ಇದಕ್ಕೆ ಪ್ರತಿಯಾಗಿ ಇನ್ನೊಂದು ಬಗೆಯುಂಟು. 1937ರಲ್ಲಿ ತಿರುವಾಂಕೂರು ವಿಶ್ವವಿದ್ಯಾಲಯವು ಹುಟ್ಟಿದಾಗ ಸಂಸ್ಥಾನದ ದಿವಾನರಾಗಿದ್ದ ಸಿ. ಪಿ. ರಾಮಸ್ವಾಮಿ ಅಯ್ಯರ್ ಅವರೇ ಉಪಕುಲಪತಿಗಳೂ ಆದರು. ಅಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗುವ ಮಾತೇ ಇಲ್ಲ. ಕೇಳುವವರೂ ಕೊಡುವವರೂ ಒಬ್ಬರೇ. ಹೊಸ ವಿಶ್ವವಿದ್ಯಾಲಯಕ್ಕೆ ರಾಜ್ಯದ ಬಲ ಸುಲಭವಾಗಿ ದೊರೆಯಿತೆಂಬುದು ನಿಜ. ಆದರೆ ರಾಜ್ಯವು ತಪ್ಪಿದಾಗ ಹಾಗೆಂದು ಹೇಳಲು ವಿದ್ಯಾಪೀಠಕ್ಕೆ ಬೇಕಾದ ಅಂತರ ಅಂಥ ಏರ್ಪಾಟಿನಲ್ಲಿ ಉಳಿಯಲಾರದು.

ಇಂದು ನಮ್ಮ ಕಣ್ಣೆದುರಿಗಿರುವುದು ಮೂರನೆಯ ಬಗೆ. ರಾಜ್ಯದ ಆಡಳಿತ ಸೇವೆಯ ಅಧಿಕಾರಿಗಳು ಕುಲಸಚಿವರಾಗಿಯೂ, ಲೆಕ್ಕಪತ್ರ ಇಲಾಖೆಯವರು ಹಣಕಾಸು ಅಧಿಕಾರಿಗಳಾಗಿಯೂ ಕರ್ನಾಟಕದ ವಿಶ್ವವಿದ್ಯಾಲಯಗಳಿಗೆ ನಿಯೋಜನೆಯ ಮೇಲೆ ಬರುವುದುಂಟು. ಕಚೇರಿಯ ಭಾಷೆಯಲ್ಲಿ ಇದಕ್ಕೆ ಎರವಲು ಸೇವೆಯೆಂದು ಹೆಸರು. ಅವರು ಬಂದ ಇಲಾಖೆಗೆ ಮಾತೃ ಇಲಾಖೆಯೆಂದು ಹೆಸರು. ಈ ಎರಡು ಪದಗಳೇ ಒಂದು ಟೀಕೆಯಂತಿವೆ. ಮದುವೆಗೆ ಎರವಲು ತಂದ ಒಡವೆಯನ್ನು ತೊಟ್ಟವಳಿಗೆ ಅದು ಕಳೆದೀತೆಂಬ ಭಯ ಬಿಟ್ಟು ಬೇರೆ ಸುಖವಿಲ್ಲ. ಒಡವೆಗಾದರೋ ಆ ಮನೆಯ ಸುಖದುಃಖ ತಿಳಿಯದು. ತಾಯಿ ಒಂದು ಕಡೆ, ಕುಲ ಒಂದು ಕಡೆ ಇರುವ ಅಧಿಕಾರಿಯು ಆವರಣದ ಮರಗಳ ಹೆಸರು ತಿಳಿಯುವಷ್ಟರಲ್ಲಿ ಹಿಂದಿರುಗುವ ಆದೇಶ ಬಂದಿರುತ್ತದೆ. ಆತನು ಮನಸ್ಸು ಮಾಡಿದರೂ ಸಚಿವನ ಎರಡನೆಯ ಅರ್ಥಕ್ಕೆ ಬೆಳೆಯಲು ಅವಕಾಶವೆಲ್ಲಿ? ತಪ್ಪು ವ್ಯಕ್ತಿಯದಲ್ಲ, ಏರ್ಪಾಟಿನದು.

7

ಇಲ್ಲಿ ಒಂದು ಆಕ್ಷೇಪ ಬರಬಹುದು. ಅಧ್ಯಾಪಕರೇ ಆಡಳಿತವನ್ನು ನಡೆಸಲಿ, ಸರ್ಕಾರದವರು ಏಕೆ ಬೇಕು? ನಾವು ಈ ಮಾತನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ಆತ್ಮಪರೀಕ್ಷೆಯ ಹೊತ್ತಿನಲ್ಲಿ ನಮ್ಮ ದೋಷಗಳನ್ನೂ ಹೇಳಿಕೊಳ್ಳಬೇಕು. ಸಭೆಯ ನಡವಳಿಯನ್ನು ಬರೆಯೆಂದರೆ ನಾವು ಹಿಂಜರಿಯುತ್ತೇವೆ; ವಾರ್ಷಿಕ ಲೆಕ್ಕ ಒಪ್ಪಿಸೆಂದರೆ ಅದು ಗುಮಾಸ್ತರ ಕೆಲಸವೆನ್ನುತ್ತೇವೆ. ಕರ್ತರಿ ಪ್ರಯೋಗವು ಸಲ್ಲದ ಕಡೆಗೂ ಅದನ್ನು ಕೊಂಡೊಯ್ಯುವ ಚಾಳಿ ನಮ್ಮದು. ಪ್ರವೇಶದ ಪಟ್ಟಿ, ಪರೀಕ್ಷೆಯ ಅಂಕ, ನೇಮಕದ ಕ್ರಮ, ವಿದ್ಯಾರ್ಥಿವೇತನದ ಹಂಚಿಕೆ ಇವುಗಳಲ್ಲಿ ‘ನಾನು’ ಎಂಬುದು ಎಷ್ಟು ಕಡಮೆಯಾದರೆ ಅಷ್ಟು ಒಳ್ಳೆಯದು. ಇಲ್ಲಿ ‘ನನ್ನ ಶಿಷ್ಯ’ ಎಂಬ ಮಾತು ಎಷ್ಟು ಅನ್ಯಾಯಗಳಿಗೆ ಕಾರಣವಾಗಿದೆಯೆಂಬುದನ್ನು ಕಾಲೇಜಿನಲ್ಲಿ ಕೆಲಸ ಮಾಡಿದ ಯಾರೂ ಬಲ್ಲರು. ಪಕ್ಷಪಾತವಿಲ್ಲದ ಕರ್ಮಣಿ ವಾಕ್ಯವನ್ನು ಅಂಥ ಕಡೆಗಳಲ್ಲಿ ನಾವು ಸರ್ಕಾರದಿಂದ ಬಂದವರಿಂದ ಕಲಿಯಬೇಕಾಗಿದೆ. ಬಡವರ ಮನೆಯ ಹುಡುಗಿಯೊಬ್ಬಳಿಗೆ ಸಕಾಲದಲ್ಲಿ ವಿದ್ಯಾರ್ಥಿವೇತನ ದೊರೆತರೆ, ಅದರ ಹಿಂದೆ ಹೆಸರಿಲ್ಲದ ಕಡತವೊಂದು ಸರಿಯಾಗಿ ನಡೆದಿರುತ್ತದೆ. ಅದನ್ನು ನಾವು ಕಡೆಗಣಿಸಬಾರದು.

ಹಾಗಾದರೆ ನಮ್ಮ ಅಭಿಪ್ರಾಯದ ಸಾರ ಇಷ್ಟು. ವಿಶ್ವವಿದ್ಯಾಲಯಕ್ಕೆ ಎರಡು ವಾಕ್ಯಗಳೂ ಬೇಕು. ಹಂಚುವ ಕಡೆ ಕರ್ಮಣಿ ಬೇಕು, ಹುಡುಕುವ ಕಡೆ ಕರ್ತರಿ ಬೇಕು. ಸರ್ಕಾರದಿಂದ ಬಂದವನ ಯೋಗ್ಯತೆಯು ಅವನ ಹಿಂದಿನ ಹುದ್ದೆಯ ಎತ್ತರದಲ್ಲಿಲ್ಲ; ಯಾವ ಕಡೆ ಯಾವ ವಾಕ್ಯ ಸಲ್ಲುತ್ತದೆಂಬ ವಿವೇಕದಲ್ಲಿದೆ. ಅಂಕಪಟ್ಟಿಯಲ್ಲಿ ಅವನು ತನ್ನ ಹಳೆಯ ಕಾಠಿಣ್ಯವನ್ನು ಬಿಡದಿರಲಿ. ಓಲೆಗರಿಯನ್ನು ಹುಡುಕಲು ಹೊರಟವನ ಅರ್ಜಿಯ ಮೇಲೆ ಮಾತ್ರ ‘ಪಟ್ಟಿಯನ್ನು ಲಗತ್ತಿಸತಕ್ಕದ್ದು’ ಎಂದು ಬರೆಯುವ ಮೊದಲು ಆ ಹುಡುಗನನ್ನು ಕರೆದು, ‘ಏನಪ್ಪಾ, ಏನನ್ನು ಹುಡುಕುತ್ತಿದ್ದೀಯೆ?’ ಎಂದು ಕೇಳಲಿ. ಆ ಪ್ರಶ್ನೆಯನ್ನು ಕೇಳಿದ ದಿನ ಅವನು ಕುಲದ ಸಚಿವನಾಗುತ್ತಾನೆ.

ಇದು ಎರವಲಿನ ಒಂದೆರಡು ವರ್ಷಗಳಲ್ಲಿ ಆಗುವ ಕಾರ್ಯವಲ್ಲ. ವಿಶ್ವವಿದ್ಯಾಲಯದ ಆಡಳಿತವನ್ನೇ ಬಾಳಿನ ವೃತ್ತಿಯಾಗಿ ಆರಿಸಿಕೊಂಡು ಬರುವವರಿಗೆ ನೆಲೆನಿಲ್ಲಲು ಕಾಲವಿರಬೇಕು. ಅವರಿಗೆ ಗ್ರಂಥಾಲಯದ ಬಾಗಿಲೂ ವಿಚಾರಗೋಷ್ಠಿಯ ಬಾಗಿಲೂ ತೆರೆದಿರಬೇಕು. ಅವರು ಬರೆಯಬೇಕು, ಬರೆದುದನ್ನು ನಾವು ಓದಿ ವಿಮರ್ಶಿಸಬೇಕು. ನಂಜುಂಡಯ್ಯನವರು ತಮ್ಮ ಹೊತ್ತಗೆಯ ಮೇಲೆ ಟೀಕೆಯನ್ನು ಬೇಡಿ ತಮ್ಮ ವಿಳಾಸವನ್ನು ಅಚ್ಚುಹಾಕಿಸಿ ನೂರು ವರ್ಷಗಳ ಮೇಲಾಯಿತು. ಇಂದು ಹೊರಡುವ ಒಂದು ಸುತ್ತೋಲೆಯ ಕೆಳಗಾದರೂ ಅಂಥ ಸಾಲೊಂದನ್ನು ಕಾಣುವ ಆಸೆ ನಮಗಿದೆ.

ಮಲಪನಗುಡಿಯ ಬಾವಿಯನ್ನು ಕಂಡಾಗ ನಮಗೆ ತೋರಿದ ಒಂದು ಮಾತನ್ನು ಹೇಳಿ ಮುಗಿಸುತ್ತೇವೆ. ಅಂಥ ಬಾವಿಯನ್ನು ತೋಡಿಸಲು ಹಣ, ಆಳು, ಅಳತೆ, ಅಪ್ಪಣೆ ಎಲ್ಲವೂ ಬೇಕಾಗಿದ್ದುವು, ಅದು ಆಡಳಿತ. ಆದರೆ ಬಾವಿಯ ಸಾರ್ಥಕ್ಯ ಮೆಟ್ಟಿಲಿನ ಅಂದದಲ್ಲಿಲ್ಲ, ಕೊಡ ಹಿಡಿದು ಇಳಿದವಳಿಗೆ ನೀರು ಸಿಕ್ಕಿತೆ ಎಂಬುದರಲ್ಲಿದೆ. ಮೆಟ್ಟಿಲನ್ನು ಕಟ್ಟುವವರು ನೀರನ್ನು ಮರೆಯದಿರಲಿ. ನೀರನ್ನು ಸೇದುವ ನಾವು ಮೆಟ್ಟಿಲನ್ನು ಹಳಿಯದಿರೋಣ.